ಎಂಟನೆಯ ಸಲದ ಲೆಕ್ಕ

ಜನವರಿ ೧೪, ಬುಧವಾರ

ತಮ್ಮನಿಗೆ,

ಅಕ್ಷರ ನೋಡಿಯೇ ಯಾರೆಂದು ತಿಳಿದಿರುತ್ತದೆ. ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಎಲ್ಲರೂ ಚೆನ್ನಾಗಿದ್ದೇವೆ. ಇದು ಕೆಲಸದ ಕಾಗದ. ಫೋನ್ ಹಿಡಿದರೆ ನಾವಿಬ್ಬರೂ ಮೂರನೆಯ ಮಾತಿಗೆ ಜಗಳಕ್ಕೆ ಬೀಳುತ್ತೇವೆ. ಆಸ್ಪತ್ರೆಯ ಇ-ಮೇಲ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಹಾಗಾಗಿ ಕಾಗದ.

ನನ್ನ ಕೆಲಸ ನಿನಗೆ ಗೊತ್ತಿರುವುದೇ. ಕ್ಯಾನ್ಸರ್ ಗಡ್ಡೆಗೆ ಕೊಡುವ ಕಿರಣವನ್ನು ರೋಗಿಗಳೆಲ್ಲ ‘ಕರೆಂಟು’ ಎನ್ನುತ್ತಾರೆ. ಆ ಕರೆಂಟನ್ನು ಯಾವ ದಿಕ್ಕಿನಿಂದ, ಎಷ್ಟು ಕೊಟ್ಟರೆ ಗಡ್ಡೆ ಸುಡುತ್ತದೆ, ಪಕ್ಕದ ಒಳ್ಳೆಯ ಅಂಗ ಉಳಿಯುತ್ತದೆ ಎಂದು ನಾನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತೇನೆ. ಲೆಕ್ಕವನ್ನೆಲ್ಲ ಮಾಡುವುದು ಒಳಗಿರುವ ಗ್ರಾಫಿಕ್ಸ್ ಕಾರ್ಡ್. ಆರು ವರ್ಷದಿಂದ ಒಂದೇ ಇತ್ತು. ಡಿಸೆಂಬರಿನಲ್ಲಿ ಇನ್ನೊಂದು ಕಂಪ್ಯೂಟರ್ ಬಂತು, ಹೊಸ ಕಾರ್ಡಿನದು. ಕೋಣೆಯಲ್ಲಿ ನಾವು ಹಳೆಯದಕ್ಕೆ ಅಜ್ಜ ಎಂದೂ ಹೊಸದಕ್ಕೆ ಅಳಿಯ ಎಂದೂ ಹೆಸರಿಟ್ಟಿದ್ದೇವೆ. ಹೊಸ ಅಳಿಯನಿಗೆ ಸಿಗುವ ಉಪಚಾರವೇ ಇದಕ್ಕೂ ಸಿಗುತ್ತಿದೆ.

ಅಜ್ಜನದು ಹದಿನಾರು ಗಿಗಾಬೈಟ್ ಮೆಮೊರಿ, ಇನ್ನೂರೈವತ್ತು ವ್ಯಾಟ್. ಅಳಿಯನದು ಇಪ್ಪತ್ತನಾಲ್ಕು ಗಿಗಾಬೈಟ್, ಮುನ್ನೂರೈವತ್ತು ವ್ಯಾಟ್, ಮೂರು ಫ್ಯಾನು. ಒಬ್ಬ ರೋಗಿಯ ಲೆಕ್ಕಕ್ಕೆ ಅಜ್ಜನಿಗೆ ಹತ್ತೊಂಬತ್ತು ನಿಮಿಷ ಬೇಕು, ಅಳಿಯನಿಗೆ ನಾಲ್ಕೇ. ಮುಖ್ಯಸ್ಥರು ಅಜ್ಜನನ್ನು ಸ್ಟೋರ್ ರೂಮಿಗೆ ಕಳಿಸಿ ಎಲ್ಲವನ್ನೂ ಅಳಿಯನ ಮೇಲೆ ಹಾಕಬೇಕೆಂದಿದ್ದಾರೆ. ಅದಕ್ಕೆ ಎರಡನ್ನೂ ಹೋಲಿಸಿ ಒಂದು ಪುಟದ ವರದಿ ಬೇಕಂತೆ, ನನ್ನ ಸಹಿಯಲ್ಲಿ.

ಒಂದೇ ರೋಗಿಯ ಲೆಕ್ಕವನ್ನು ಎರಡರಲ್ಲೂ ಮಾಡಿ ನೋಡಿದೆ. ದಶಮಾಂಶದ ಮೂರನೆಯ ಮನೆಯಲ್ಲಿ ಚೂರು ವ್ಯತ್ಯಾಸ ಬರುತ್ತದೆ. ಇದು ಸಹಜವೇ, ಅಲ್ಲವೇ? ಕಾರ್ಡು ಪರೀಕ್ಷಿಸುವುದೇ ನಿನ್ನ ಹೊಟ್ಟೆಪಾಡು. ಅದಕ್ಕೆ ಕೇಳಿದೆ. ಬೇರೇನೂ ಇಲ್ಲ.

ಅಕ್ಕ


ಜನವರಿ ೨೩, ಶುಕ್ರವಾರ

ಅಕ್ಕಾ,

ನಿನ್ನ ಕಾಗದವನ್ನು ಬೆಂಚಿನ ಮೇಲೆ ಇಟ್ಟುಕೊಂಡು ಅರ್ಧ ದಿನ ಒಡೆಯಲಿಲ್ಲ. ಪಕ್ಕದ ಬೆಂಚಿನವರು ‘ಏನ್ರೀ, ಕೋರ್ಟ್ ನೋಟೀಸಾ?’ ಎಂದು ಕೇಳಿದರು. ಕೆಲಸದ ಕಾಗದ ಎಂದು ಓದಿದ ಮೇಲೆ ಉಸಿರು ಬಿಟ್ಟೆ. ಸ್ವಲ್ಪ ಬೇಜಾರೂ ಆಯಿತು, ಇರಲಿ.

ದಶಮಾಂಶದ ಮೂರನೆಯ ಮನೆಯ ವ್ಯತ್ಯಾಸ ಸಹಜ. ಎರಡು ಕಾರ್ಡುಗಳು ಕೂಡುವ ಕ್ರಮ ಬೇರೆ, ಕೊನೆಯ ಅಂಕಿ ಅತ್ತಿತ್ತ ಆಗುತ್ತದೆ. ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡ.

ಆದರೆ ನೀನು ಕೊಟ್ಟ ಪಟ್ಟಿಯಲ್ಲಿ ಮುಖ್ಯವಾದದ್ದೇ ಇಲ್ಲ. ನಿಮ್ಮ ಅಜ್ಜನ ಮೆಮೊರಿ ತನ್ನ ತಪ್ಪನ್ನು ತಾನೇ ಹಿಡಿಯುತ್ತದೆ. ಒಳಗೆ ಇಟ್ಟ ಅಂಕಿ ಎಲ್ಲಾದರೂ ಮಗುಚಿಕೊಂಡರೆ ಕಂಡುಹಿಡಿದು ತಿದ್ದುತ್ತದೆ, ತಿದ್ದಲಾಗದಿದ್ದರೆ ಕೆಲಸ ನಿಲ್ಲಿಸಿ ಕೂಗುತ್ತದೆ. ಅಳಿಯನಿಗೆ ಆ ಅಭ್ಯಾಸ ಇಲ್ಲ. ಅದು ಆಟಕ್ಕೆಂದು ಮಾಡಿದ ಕಾರ್ಡು. ಆಟದಲ್ಲಿ ಒಂದು ಚುಕ್ಕೆಯ ಬಣ್ಣ ತಪ್ಪಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಬದಲಾಗಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನಿನ್ನ ಪರದೆಯ ಮೇಲಿನ ಚುಕ್ಕೆ ಎಂದರೆ ಯಾರದೋ ಮೈ.

ಕಾರ್ಡು ಕೆಟ್ಟದೆಂದು ಹೇಳುತ್ತಿಲ್ಲ. ತಣ್ಣಗಿದ್ದರೆ ವರ್ಷಗಟ್ಟಲೆ ತಪ್ಪು ಮಾಡದಿರಬಹುದು. ಮೆಮೊರಿ ಬಿಸಿಯೇರಿದರೆ ಮಾತ್ರ ಹೆದರಿಕೆ. ಕಂಪ್ಯೂಟರ್ ಎಲ್ಲಿಟ್ಟಿದ್ದೀರಿ? ಗಾಳಿ ಆಡುತ್ತದೆಯೇ? ಲೆಕ್ಕ ಮಾಡಿದ ಮೇಲೆ ತಾಳೆ ನೋಡುವ ಪ್ರೋಗ್ರಾಂ ಬೇರೆ ಯಂತ್ರದಲ್ಲಿದೆಯೇ, ಅದರಲ್ಲೇ ಇದೆಯೇ?

ಒಂದು ಕೆಲಸ ಮಾಡು. ಮಧ್ಯಾಹ್ನ ಸೆಕೆ ಹೆಚ್ಚಿರುವಾಗ ಒಂದೇ ರೋಗಿಯ ಲೆಕ್ಕವನ್ನು ಅಳಿಯನಲ್ಲೇ ಹತ್ತು ಸಲ ಮಾಡು. ಅಜ್ಜನ ಜೊತೆ ಹೋಲಿಸಬೇಡ. ಅದರದು ಅದಕ್ಕೇ ತಾಳೆಯಾಗುತ್ತದೆಯೇ ನೋಡು. ಅಲ್ಲಿಯವರೆಗೆ ಸಹಿ ಹಾಕಬೇಡ.

ನಿನ್ನ ಮಂಡಿನೋವು ಹೇಗಿದೆ? ಉತ್ತರ ಕೊಡಲೇಬೇಕೆಂದೇನಿಲ್ಲ.

ನಿನ್ನ ತಮ್ಮ


ಫೆಬ್ರವರಿ ೬, ಶುಕ್ರವಾರ

ತಮ್ಮನಿಗೆ,

ನಿನ್ನ ಕಾಗದ ಬರುವ ಮೂರು ದಿನ ಮೊದಲೇ ಸಹಿ ಹಾಕಿಬಿಟ್ಟಿದ್ದೆ. ‘ಎರಡರ ಫಲಿತಾಂಶವೂ ಸಮಾನ, ಹೊಸದು ಸುಮಾರು ಐದು ಪಟ್ಟು ವೇಗ’ ಎಂದು ಬರೆದು ಕೊಟ್ಟೆ. ಅಜ್ಜ ಈಗ ಸ್ಟೋರ್ ರೂಮಿನಲ್ಲಿ ಮುರಿದ ಕುರ್ಚಿಗಳ ಪಕ್ಕ ಇದೆ. ತಾಳೆ ನೋಡುವ ಪ್ರೋಗ್ರಾಂ ಕೂಡ ಅಳಿಯನಿಗೇ ಹೋಯಿತು.

ಕಂಪ್ಯೂಟರ್ ನನ್ನ ಮೇಜಿನ ಕೆಳಗೆ, ಗೋಡೆಗೆ ಒತ್ತಿಕೊಂಡಿದೆ. ಕಿಟಕಿ ಪಡುವಣಕ್ಕಿದೆ. ಏ.ಸಿ. ಒಂದೇ, ಅದನ್ನು ಕಾರಿಡಾರಿನ ಜೊತೆ ಹಂಚಿಕೊಂಡಿದ್ದೇವೆ. ಮೂರು ಗಂಟೆಯ ಹೊತ್ತಿಗೆ ಕಾಲಿಗೆ ಒಲೆಯ ಮುಂದೆ ಕೂತ ಹಾಗೆ ಬಿಸಿ ತಾಗುತ್ತದೆ.

ನಿನ್ನೆ ನೀನು ಹೇಳಿದಂತೆ ಹತ್ತು ಸಲ ಮಾಡಿದೆ. ಏಳು ಸಲ ಒಂದೇ ಉತ್ತರ. ಎಂಟನೆಯ ಸಲ ಬೇರೆ ಬಂತು. ಮೂರನೆಯ ಮನೆಯಲ್ಲಲ್ಲ. ಒಂದು ಜಾಗದಲ್ಲಿ ಇರಬೇಕಾದ್ದಕ್ಕಿಂತ ನೂರಕ್ಕೆ ಏಳರಷ್ಟು ಹೆಚ್ಚು. ತಾಳೆ ನೋಡುವ ಪ್ರೋಗ್ರಾಂ ‘ಸರಿಯಿದೆ’ ಎಂದು ಹಸಿರು ಗುರುತು ಹಾಕಿತು. ಒಂಬತ್ತು, ಹತ್ತು ಮತ್ತೆ ಸರಿ.

ನಾನು ಪರದೆಯನ್ನೇ ನೋಡುತ್ತಾ ಕೂತೆ. ಆ ಹಸಿರು ಗುರುತು ನನಗೆ ಎಷ್ಟು ಹೆದರಿಕೆ ಹುಟ್ಟಿಸಿತೆಂದರೆ, ಕೈ ಮೌಸಿನ ಮೇಲಿಂದ ತೆಗೆಯಲೂ ಆಗಲಿಲ್ಲ.

ಮುಖ್ಯಸ್ಥರಿಗೆ ತೋರಿಸಿದೆ. ‘ಮತ್ತೊಂದ್ಸಲ ಮಾಡಿ’ ಎಂದರು. ಮಾಡಿದೆ. ಸರಿಯಾಗಿ ಬಂತು. ‘ಬಂದಿದ್ದು ಹೋಯ್ತಲ್ಲ, ಬಿಡಿ’ ಎಂದರು. ನಾನು ಎದ್ದು ಹೋಗಲಿಲ್ಲ. ಆಗ ಅವರೇ ಎದ್ದು ಬಾಗಿಲು ತೆರೆದು ಹೊರಗಿನ ಬೆಂಚುಗಳನ್ನು ತೋರಿಸಿದರು. ‘ಹಳೇದ್ರಲ್ಲಿ ದಿನಕ್ಕೆ ಮೂರು ಜನರ ಪ್ಲ್ಯಾನ್ ಆಗ್ತಿತ್ತು. ಮೂರು ಮೂರು ವಾರ ಕಾಯೋರು. ಈಗ ಐದು ದಿನ. ಕಾಯೋದ್ರಲ್ಲೇ ಗಡ್ಡೆ ಬೆಳೆಯುತ್ತಲ್ಲಮ್ಮ, ಅದನ್ನ ಯಾವ ಪ್ರೋಗ್ರಾಂ ತಾಳೆ ನೋಡುತ್ತೆ?’

ಅವರು ಕೆಟ್ಟವರಲ್ಲ. ಅದೇ ಕಷ್ಟ.

ಇನ್ನು ಮೇಲೆ ಪ್ರತಿ ಲೆಕ್ಕವನ್ನೂ ಎರಡು ಸಲ ಮಾಡುತ್ತೇನೆ ಎಂದುಕೊಂಡಿದ್ದೇನೆ. ನೀನು ಏನೆನ್ನುತ್ತೀಯೋ ಬರೆ. ಇದನ್ನು ಯಾರಿಗೂ ಹೇಳಬೇಡ. ಸಹಿ ನನ್ನದು.

ಅಕ್ಕ


ಫೆಬ್ರವರಿ ೧೪, ಶನಿವಾರ

ಅಕ್ಕಾ,

ಅದೇ ಮಾದರಿಯ ಕಾರ್ಡೊಂದು ನಮ್ಮಲ್ಲಿ ರಿಪೇರಿಗೆ ಬಂದು, ಸರಿಯಾಗಿ, ವಾಪಸ್ ಹೋಗಲು ಕಾಯುತ್ತಿತ್ತು. ಮೇಲಿನವರ ಒಪ್ಪಿಗೆ ಪಡೆದು ನಾಲ್ಕು ದಿನ ಇಟ್ಟುಕೊಂಡೆ. ಬೆಂಚಿನ ಮೇಲೆ ತೆರೆದಿಟ್ಟು ಇಡೀ ದಿನ ಓಡಿಸಿದೆ. ಮೆಮೊರಿ ಎಂಬತ್ತೆರಡು ಡಿಗ್ರಿ, ಒಂದೂ ತಪ್ಪಿಲ್ಲ. ವೇಗದಲ್ಲಿ ನಿಮ್ಮ ಮುಖ್ಯಸ್ಥರು ಹೇಳಿದ್ದೆಲ್ಲ ನಿಜ. ಆಮೇಲೆ ಕ್ಯಾಬಿನೆಟ್ಟಿಗೆ ಹಾಕಿ, ಮುಚ್ಚಿ, ಗೋಡೆಗೆ ಒತ್ತಿ, ಪಕ್ಕದಲ್ಲಿ ಹೀಟರ್ ಇಟ್ಟು ನಿನ್ನ ಕೋಣೆಯ ಹಾಗೆ ಮಾಡಿದೆ. ಎರಡು ಗಂಟೆಯೊಳಗೆ ಮೆಮೊರಿ ನೂರಾ ಎಂಟು ಡಿಗ್ರಿ ಮುಟ್ಟಿತು. ಅಲ್ಲಿಂದ ಮುಂದೆ ಮೂರು ಗಂಟೆಯಲ್ಲಿ ಎರಡು ತಪ್ಪು. ಪರದೆ ಕಪ್ಪಾಗಲಿಲ್ಲ, ಯಂತ್ರ ನಿಲ್ಲಲಿಲ್ಲ, ಸದ್ದೂ ಬದಲಾಗಲಿಲ್ಲ. ತಪ್ಪು ಹೇಳಿ ಸುಮ್ಮನೆ ಮುಂದೆ ಹೋಯಿತು.

ನಿಮ್ಮ ಅಜ್ಜನಂಥದ್ದನ್ನೂ ಅದೇ ಸೆಕೆಯಲ್ಲಿ ಎರಡು ದಿನ ಓಡಿಸಿದೆ. ನಿಧಾನ, ಏದುಸಿರು, ಆದರೆ ಒಂದು ತಪ್ಪೂ ಹೊರಗೆ ಬಿಡಲಿಲ್ಲ. ಒಂದು ಸಲ ಅಂಕಿ ಮಗುಚಿತ್ತು. ಹಿಡಿದು, ತಿದ್ದಿ, ದಾಖಲೆಯಲ್ಲಿ ಬರೆದಿಟ್ಟಿತ್ತು.

ತಾಳೆ ನೋಡುವ ಪ್ರೋಗ್ರಾಂ ಯಾಕೆ ಹಸಿರು ತೋರಿಸಿತೆಂದು ನನಗನಿಸುವುದು ಇಷ್ಟು. ರೋಗಿಯ ಸ್ಕ್ಯಾನ್ ಚಿತ್ರ ಮೆಮೊರಿಗೆ ಹೋದಾಗಲೇ ಅದರ ಒಂದಷ್ಟು ಅಂಕಿ ಕೆಟ್ಟಿವೆ. ಲೆಕ್ಕವೂ ತಾಳೆಯೂ ಅದೇ ಕೆಟ್ಟ ಚಿತ್ರವನ್ನು ಓದಿವೆ. ಒಬ್ಬನೇ ಸುಳ್ಳುಗಾರನನ್ನು ಎರಡು ಸಲ ಕೇಳಿದ ಹಾಗೆ.

ಎರಡೆರಡು ಸಲ ಮಾಡಿದರೆ ಸಾಲದು. ನಿಲ್ಲಿಸು. ಅಜ್ಜನನ್ನು ವಾಪಸ್ ತಾ. ಹೊಸದು ಬಂದ ಮೇಲೆ ಮಾಡಿದ ಎಲ್ಲರ ಲೆಕ್ಕವನ್ನೂ ಅದರಲ್ಲಿ ಮತ್ತೆ ಮಾಡು.

ಇನ್ನೊಂದು ಮಾತು. ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಕಾಗದ ತಡಮಾಡಿದೆ. ‘ಯಾರಿಗೂ ಹೇಳಬೇಡ’ ಎಂದಿದ್ದೀಯ. ಇದೇ ಮಾತನ್ನು ಅಪ್ಪ ನನಗೆ ಹೇಳಿದ್ದರು. ಅವರು ಅನ್ನವನ್ನು ನೀರು ಕುಡಿದು ಕುಡಿದು ನುಂಗುವುದನ್ನು ನಾನೊಬ್ಬನೇ ನೋಡಿದ್ದೆ. ‘ಅವಳಿಗೆ ಹೇಳ್ಬೇಡ ಕಣೋ, ದಿನಾ ಅದನ್ನೇ ನೋಡ್ತಾಳೆ, ಮನೇಲೂ ಅದೇ ಆಗ್ಬಾರ್ದು’ ಎಂದು ಕೈ ಹಿಡಿದುಕೊಂಡರು. ಎಂಟು ತಿಂಗಳು ಮಾತು ಉಳಿಸಿಕೊಂಡೆ. ಅಪ್ಪ ಹೋದ ಮೇಲೆ ನೀನು ನನಗೆ ಅಂದದ್ದೆಲ್ಲ ಸರಿಯೇ. ಒಂದು ಅಕ್ಷರವನ್ನೂ ಅಲ್ಲಗಳೆಯಲಾರೆ.

ಅದಕ್ಕೇ ಅಕ್ಕಾ, ಇನ್ನೊಂದು ಸಲ ಆ ಮಾತನ್ನು ನನ್ನಿಂದ ತೆಗೆದುಕೊಳ್ಳಬೇಡ. ನೀನೇ ಹೇಳು.

ನಿನ್ನ ತಮ್ಮ


ಮಾರ್ಚ್ ೪, ಬುಧವಾರ

ಅಕ್ಕಾ,

ಹದಿನೆಂಟು ದಿನವಾಯಿತು. ಫೋನ್ ಮಾಡಿದರೆ ಎತ್ತುತ್ತಿಲ್ಲ. ಕಾಗದ ತಲುಪಲಿಲ್ಲವೇನೋ ಎಂದು ಅಂಚೆ ಕಚೇರಿಯಲ್ಲಿ ಕೇಳಿದೆ, ತಲುಪಿದೆ, ನಿನ್ನ ಸಹಿ ಇದೆ ಎಂದು ತೋರಿಸಿದರು. ಆ ಸಹಿ ನೋಡಿ ಹೆದರಿಕೆ ಇನ್ನೂ ಹೆಚ್ಚಾಯಿತು.

ಅಪ್ಪನ ವಿಷಯ ಎತ್ತಿದ್ದಕ್ಕೆ ಸಿಟ್ಟಾಗಿದ್ದರೆ ನನ್ನನ್ನು ಬೈ. ಆದರೆ ಅಲ್ಲಿ ದಿನಾ ಜನ ಆ ಮೇಜಿನ ಮೇಲೆ ಮಲಗುತ್ತಿದ್ದಾರೆ. ನಾನು ಇಲ್ಲಿ ಯಾರದೋ ಕಾರ್ಡಿನ ಫ್ಯಾನು ಒರೆಸುತ್ತಾ ಅದನ್ನೇ ಲೆಕ್ಕ ಹಾಕುತ್ತಿರುತ್ತೇನೆ: ಇವತ್ತು ಎಷ್ಟು ಜನ, ಇವತ್ತು ಎಷ್ಟು ಜನ.

ಹದಿನೈದನೆಯ ತಾರೀಖಿನವರೆಗೆ ಕಾಯುತ್ತೇನೆ. ಅಷ್ಟರಲ್ಲಿ ನೀನು ಹೇಳದಿದ್ದರೆ ನಿಮ್ಮ ಆಸ್ಪತ್ರೆಯ ಸುರಕ್ಷತಾ ಸಮಿತಿಗೆ ನಾನೇ ಬರೆಯುತ್ತೇನೆ. ಇದು ಬೆದರಿಕೆ ಅಲ್ಲ.

ನಿನ್ನ ತಮ್ಮ


ಮಾರ್ಚ್ ೧೦, ಮಂಗಳವಾರ

ತಮ್ಮನಿಗೆ,

ಸುಮ್ಮನೆ ಕೂತಿರಲಿಲ್ಲ. ನಿನಗೆ ಬರೆಯುವ ಧೈರ್ಯ ಇರಲಿಲ್ಲ, ಅಷ್ಟೆ.

ನಿನ್ನ ಕಾಗದ ಬಂದ ಮಾರನೆಯ ದಿನ ಸ್ಟೋರ್ ರೂಮಿನ ಬೀಗದ ಕೈ ಕೇಳಿ ತಗೊಂಡೆ. ಹಳೆಯ ಫೈಲು ಹುಡುಕಬೇಕು ಎಂದೆ. ಅಜ್ಜನನ್ನು ಅಲ್ಲೇ, ಮುರಿದ ಕುರ್ಚಿಗಳ ನಡುವೆ, ಗೋಡೆಯ ಪ್ಲಗ್ಗಿಗೆ ಹಾಕಿದೆ. ದಿನಾ ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಒಬ್ಬೊಬ್ಬರದೇ ಲೆಕ್ಕ ಮತ್ತೆ ಮಾಡುತ್ತಾ ಹೋದೆ. ಒಟ್ಟು ನಲವತ್ತೊಂದು ಜನ. ಒಂದು ಊಟದ ಹೊತ್ತಿಗೆ ಇಬ್ಬರದು, ಬೇಗ ನುಂಗಿದರೆ ಮೂವರದು. ಪರದೆಯಲ್ಲಿ ಅಂಕಿ ನಿಧಾನಕ್ಕೆ ಏರುವಾಗ ಡಬ್ಬಿ ತೊಡೆಯ ಮೇಲೆ ಹಾಗೇ ಇರುತ್ತಿತ್ತು. ಪ್ರತಿಸಲ ‘ಸಮ’ ಎಂದು ಬಂದಾಗ ಎದೆಯಿಂದ ಕಲ್ಲು ಇಳಿದಂತಾಗುವುದು, ಮುಂದಿನ ಹೆಸರು ಒತ್ತಿದ ಕೂಡಲೇ ಮತ್ತೆ ಏರುವುದು. ಹೊರಗೆ ಯಾರಾದರೂ ನಡೆದು ಹೋದರೆ ಕಳ್ಳಿಯ ಹಾಗೆ ಪರದೆ ಆರಿಸುತ್ತಿದ್ದೆ.

ಇಪ್ಪತ್ತಾರು ಜನರದು ಸಮವಾಗಿತ್ತು. ಶುಕ್ರವಾರ ಇಪ್ಪತ್ತೇಳನೆಯವರದು ಮಾಡಿದೆ. ಸಮವಾಗಲಿಲ್ಲ.

ಅವರು ಕೈಗಡಿಯಾರ ರಿಪೇರಿ ಮಾಡುವವರು. ಕುತ್ತಿಗೆಯ ಹಿಂದೆ, ಬೆನ್ನುಹುರಿಯ ಪಕ್ಕದಲ್ಲೇ ಗಡ್ಡೆ. ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಬರುತ್ತಾರೆ. ನಮ್ಮ ಕಾರಿಡಾರಿನ ಗಡಿಯಾರ ಆರು ನಿಮಿಷ ಹಿಂದಿದೆ ಎಂದು ದಿನಾ ನನಗೆ ಹೇಳುತ್ತಾರೆ, ‘ಇಳಿಸಿ ಕೊಡಿ ಮೇಡಂ, ಒಂದೇ ಗಳಿಗೆ’ ಎನ್ನುತ್ತಾರೆ. ಅವರಿಗೆ ಒಟ್ಟು ಮೂವತ್ತು ಸಲ ಕಿರಣ ಕೊಡಬೇಕು. ಶುಕ್ರವಾರಕ್ಕೆ ಹನ್ನೊಂದು ಆಗಿತ್ತು. ಗಡ್ಡೆಗೆ ಬೀಳಬೇಕಾದ್ದರಲ್ಲಿ ಒಂದು ಪಾಲು ಬೆನ್ನುಹುರಿಯ ಮೇಲೆ ಬೀಳುತ್ತಿತ್ತು. ಹನ್ನೊಂದಕ್ಕೆ ಎಲ್ಲೆ ದಾಟಿಲ್ಲ. ಮೂವತ್ತೂ ಆಗಿದ್ದರೆ ದಾಟುತ್ತಿತ್ತು. ಬೆನ್ನುಹುರಿಗೆ ಆದ ಪೆಟ್ಟು ಆಗಲೇ ಕಾಣುವುದಿಲ್ಲ. ಆರು ತಿಂಗಳು, ವರ್ಷ ಬಿಟ್ಟು, ಒಂದು ದಿನ ಕಾಲು ಎತ್ತಲು ಹೋದರೆ ಬರುವುದಿಲ್ಲ.

ಈಗ ನಿನಗೆ ಹೇಳಬೇಕಾದ್ದು. ಅವರ ಲೆಕ್ಕ ಮಾಡಿದ್ದು ಫೆಬ್ರವರಿ ಹದಿನಾರಕ್ಕೆ. ಎಂಟನೆಯ ಸಲದ್ದು ನನಗೆ ಆಗಲೇ ಗೊತ್ತಿತ್ತು. ಎಲ್ಲರದನ್ನೂ ಎರಡು ಸಲ ಮಾಡುತ್ತಿದ್ದೆ. ಅವತ್ತು ಐದು ಜನ ಇದ್ದರು, ಸಂಜೆಯಾಗಿತ್ತು, ಬಸ್ಸು ತಪ್ಪುತ್ತಿತ್ತು. ಇವರದನ್ನು ಒಂದೇ ಸಲ ಮಾಡಿದೆ.

ಶುಕ್ರವಾರವೇ ಮುಖ್ಯಸ್ಥರ ಬಳಿ ಹೋದೆ. ಬಹಳ ಹೊತ್ತು ಹಾಳೆಗಳನ್ನು ತಿರುವಿ ಹಾಕಿದರು. ‘ಒಂದು ವಾರ ಕೊಡಿ. ಮೇಲಿನವರ ಹತ್ರ ನಾನು ಮಾತಾಡ್ತೀನಿ. ಅಲ್ಲೀವರೆಗೆ ಹೊರಗೆ ಹೋಗ್ಬಾರ್ದು’ ಎಂದರು. ಒಂದು ವಾರವೆಂದರೆ ಇನ್ನೂ ಐದು ಸಲ. ‘ಸರಿ ಸಾರ್’ ಎಂದು ಹೊರಗೆ ಬಂದೆ. ಹೌದು, ಸರಿ ಎಂದೆ. ಶನಿವಾರ, ಭಾನುವಾರ ಹಾಸಿಗೆ ಬಿಟ್ಟು ಏಳಲಿಲ್ಲ. ನಿನ್ನ ಭಾವ ಎರಡು ಸಲ ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡಿದರು.

ನಿನ್ನೆ ಸೋಮವಾರ ಒಂಬತ್ತೂವರೆಗೆ ಗಡಿಯಾರದವರು ಬಂದರು. ಅಂಗಿ ಬಿಚ್ಚಿ, ಆಸ್ಪತ್ರೆಯ ನಿಲುವಂಗಿ ಹಾಕಿಕೊಂಡು, ಒಳಗೆ ಹೋಗುವ ದಪ್ಪ ಬಾಗಿಲ ಹತ್ತಿರ ನಿಂತಿದ್ದರು. ನಾನು ಯಾಕೆ ಎದ್ದೆನೋ ನೆನಪಿಲ್ಲ. ಬಾಗಿಲಿಗೆ ಅಡ್ಡ ನಿಂತಿದ್ದೆ.

‘ಇವತ್ತು ಇವರಿಗೆ ಕೊಡೋಕಾಗಲ್ಲ’ ಎಂದೆ.

‘ಪಟ್ಟಿಯಲ್ಲಿದೆಯಲ್ಲ ಮೇಡಂ’ ಎಂದಳು ಯಂತ್ರ ನಡೆಸುವ ಟೆಕ್ನಿಷಿಯನ್.

‘ಪಟ್ಟಿ ತಪ್ಪಾಗಿದೆ. ಲೆಕ್ಕ ತಪ್ಪಾಗಿದೆ. ನಾನು ಮಾಡಿದ್ದು.’

ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ತಿರುಗಿದರು. ಗಡಿಯಾರದವರನ್ನು ನನ್ನ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದೆ. ಡಾಕ್ಟರನ್ನೂ ಕರೆಸಿದೆ. ಎಲ್ಲವನ್ನೂ ಹೇಳಿದೆ, ಬಸ್ಸಿನ ವಿಷಯ ಸಮೇತ. ಅವರು ನಿಲುವಂಗಿಯ ದಾರವನ್ನು ಬೆರಳಿಗೆ ಸುತ್ತುತ್ತಾ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಎರಡೇ ಮಾತು.

‘ಮುಳ್ಳು ಎಷ್ಟು ಮುಂದೆ ಹೋಗಿದೆ ಮೇಡಂ?’

‘ಎಲ್ಲೆ ದಾಟಿಲ್ಲ ಅಂತ ಲೆಕ್ಕ ಹೇಳುತ್ತೆ.’

‘ಆ ಲೆಕ್ಕ ಮಾಡಿದ್ದು ಯಾರು?’

‘ನಾನೇ.’

ಅವರು ಎದ್ದು ಅಂಗಿ ಹಾಕಿಕೊಳ್ಳಲು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಸುರಕ್ಷತಾ ಸಮಿತಿಗೆ ಬರೆದು ಕೊಟ್ಟೆ. ಅಳಿಯನನ್ನು ಸೀಲು ಮಾಡಿದರು. ನಾಳೆಯಿಂದ ನಾನು ಕೆಲಸಕ್ಕೆ ಬರಬೇಕಾಗಿಲ್ಲವಂತೆ, ವಿಚಾರಣೆ ಮುಗಿಯುವವರೆಗೆ. ಉಳಿದ ಹದಿನಾಲ್ಕು ಜನರ ಲೆಕ್ಕವನ್ನು ಬೇರೆ ಆಸ್ಪತ್ರೆಯವರು ಮಾಡುತ್ತಾರೆ. ಅವರಲ್ಲಿ ಇನ್ನೂ ಯಾರದು ಹೀಗಿದೆಯೋ.

ನಿನ್ನ ಹದಿನೈದನೆಯ ತಾರೀಖಿಗೆ ಮೊದಲೇ ಹೇಳಿದ್ದೇನೆ, ನೋಡು.

ಅಕ್ಕ


ಮಾರ್ಚ್ ೧೬, ಸೋಮವಾರ

ಅಕ್ಕಾ,

ನಿನ್ನ ಕಾಗದದ ಕೊನೆಯ ಸಾಲು ಓದಿ ಬೆಂಚಿನ ಮೇಲೆ ತಲೆ ಇಟ್ಟುಬಿಟ್ಟೆ.

ನಾನು ಹದಿನೈದರವರೆಗೆ ಕಾಯಲಿಲ್ಲ. ಅಷ್ಟು ದಿನ ಕಾಯುವ ಧೈರ್ಯ ನನಗಿರಲಿಲ್ಲ. ಶನಿವಾರ, ಏಳನೆಯ ತಾರೀಖಿಗೇ ಸಮಿತಿಗೆ ಕಾಗದ ಹಾಕಿಬಿಟ್ಟೆ. ನನ್ನ ಪರೀಕ್ಷೆಯ ಅಂಕಿಗಳನ್ನೆಲ್ಲ ಜೊತೆಗಿಟ್ಟು ಕಳಿಸಿದೆ. ನೀನು ವರದಿಗೆ ಸಹಿ ಹಾಕಿದ್ದು, ಎಂಟನೆಯ ಸಲದ್ದು ನಿನಗೆ ಗೊತ್ತಿದ್ದದ್ದು, ಎಲ್ಲವೂ ಅದರಲ್ಲಿದೆ. ತಾರೀಖುಗಳ ಸಮೇತ. ಹೆಸರು ಮುಚ್ಚಿಟ್ಟುಕೊಂಡು ಬರೆಯಲು ಮನಸ್ಸಾಗಲಿಲ್ಲ, ನನ್ನ ವಿಳಾಸವನ್ನೂ ಹಾಕಿದ್ದೇನೆ.

ನಿನ್ನ ಹೇಳಿಕೆ ತಲುಪಿದ್ದು ಸೋಮವಾರ ಮಧ್ಯಾಹ್ನ. ನನ್ನದು ತಲುಪಿದ್ದೂ ಅವತ್ತೇ ಇರಬೇಕು. ಬೆಳಿಗ್ಗೆಯೋ ಸಂಜೆಯೋ ಗೊತ್ತಿಲ್ಲ. ಬೆಳಿಗ್ಗೆಯೇ ತಲುಪಿದ್ದರೆ, ಸಿಕ್ಕಿಬಿದ್ದ ಮೇಲೆ ಬಾಯಿ ಬಿಟ್ಟಳು ಎಂದು ಅವರು ಅಂದುಕೊಳ್ಳುತ್ತಾರೆ. ಬಾಗಿಲಿಗೆ ಅಡ್ಡ ನಿಂತಾಗ ನನ್ನ ಕಾಗದದ ವಿಷಯ ನಿನಗೆ ಗೊತ್ತಿರಲಿಲ್ಲ ಎಂಬುದನ್ನು ಯಾರು ನಂಬುತ್ತಾರೆ?

ಮೊದಲ ಸಲ ಬಾಯಿ ಮುಚ್ಚಿ ನಿನ್ನನ್ನು ಕಳೆದುಕೊಂಡೆ. ಈ ಸಲ ಬಾಯಿ ಬಿಟ್ಟು ಕಳೆದುಕೊಳ್ಳುತ್ತೇನೋ ಏನೋ. ಕರೆದರೆ ಬಂದು ಸಾಕ್ಷಿ ಹೇಳುತ್ತೇನೆ. ಬರಬೇಡ ಎಂದರೆ ಬರುವುದಿಲ್ಲ.

ಉತ್ತರ ಬರೆಯಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ.

ತಮ್ಮ


ಏಪ್ರಿಲ್ ೨೮, ಮಂಗಳವಾರ

ತಮ್ಮನಿಗೆ,

ನಿನ್ನ ಕಾಗದ ಬೆಳಿಗ್ಗೆಯೇ ತಲುಪಿತ್ತು. ಹನ್ನೊಂದು ಗಂಟೆಯ ಮೊಹರು ಇದೆ. ನನ್ನದಕ್ಕೆ ಎರಡು ಗಂಟೆಯದು.

ಒಂದೂವರೆ ತಿಂಗಳು ನಿನಗೆ ಬರೆಯದಿದ್ದದ್ದು ಸಿಟ್ಟಿಗೇ. ಮೊದಲ ವಾರ ನಿನ್ನ ಕಾಗದ ಹರಿದುಹಾಕಬೇಕು ಅನಿಸಿತ್ತು. ಕೆಲಸವಿಲ್ಲದೆ ಮನೆಯಲ್ಲಿ ಕೂತು ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಮೂರು ಸಲ ತೊಳೆದೆ. ಫೋನ್ ಸದ್ದಾದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಿದ್ದೆ: ಹದಿನಾಲ್ಕು ಜನರಲ್ಲಿ ಇನ್ನೊಬ್ಬರು ಸಿಕ್ಕರೇನೋ ಎಂದು. ಒಬ್ಬರು ಸಿಕ್ಕರು. ಹೊಲಿಗೆ ಅಂಗಡಿಯ ಹೆಂಗಸು, ಫೆಬ್ರವರಿಯಲ್ಲೇ ಚಿಕಿತ್ಸೆ ಮುಗಿದಿತ್ತು. ವ್ಯತ್ಯಾಸ ಸಣ್ಣದು, ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವರಿಗೂ ಕರೆದು ತಿಳಿಸಿದ್ದಾರೆ.

ಕಳೆದ ವಾರ ವಿಚಾರಣೆ ನಡೆಯಿತು. ಉದ್ದನೆಯ ಮೇಜು, ಆ ಕಡೆ ಐದು ಜನ, ಈ ಕಡೆ ನಾನೊಬ್ಬಳು. ನಿನ್ನ ಕಾಗದವನ್ನು ನನ್ನ ಮುಂದೆ ಸರಿಸಿ ನಡುವಿನವರು ಕೇಳಿದರು.

‘ಇದನ್ನ ಬರೆದವರು ನಿಮಗೇನಾಗಬೇಕು?’

‘ತಮ್ಮ. ಒಡಹುಟ್ಟಿದವನು.’

‘ನಿಮ್ಮ ಮೇಲೆ ಏನಾದ್ರೂ ದ್ವೇಷ?’

‘ಅವನಿಗಿಲ್ಲ. ನನಗಿತ್ತು, ಅವನ ಮೇಲೆ.’

‘ಹಾಗಾದ್ರೆ ಈ ಕಾಗದದಲ್ಲಿ ಸುಳ್ಳು ಯಾವುದು ಅಂತ ತೋರಿಸಿ.’

ಪೂರ್ತಿ ಓದಿದೆ. ಮೊದಲ ಸಲ ಓದುತ್ತಿದ್ದೆ. ನೂರಾ ಎಂಟು ಡಿಗ್ರಿ, ಮೂರು ಗಂಟೆಯಲ್ಲಿ ಎರಡು ತಪ್ಪು, ಎಲ್ಲ ನೀನು ನನಗೆ ಬರೆದದ್ದೇ. ಕೊನೆಯಲ್ಲಿ ‘ನನ್ನ ಅಕ್ಕ ತಪ್ಪು ಮುಚ್ಚಿಡುವವಳಲ್ಲ, ಹೆದರಿದ್ದಾಳೆ, ಅವಳಿಗೆ ಯಾರಾದರೂ ಬೇಗ ಸಹಾಯ ಮಾಡಿ’ ಎಂದು ಬರೆದಿದ್ದೀಯ. ಅದನ್ನು ನೀನು ನನಗೆ ಹೇಳಿರಲಿಲ್ಲ.

‘ಇದರಲ್ಲಿ ಸುಳ್ಳು ಒಂದೂ ಇಲ್ಲ’ ಎಂದೆ. ಬೆಳಿಗ್ಗೆ ಒಂಬತ್ತೂವರೆಗೆ ನಾನು ಬಾಗಿಲಲ್ಲಿ ನಿಂತದ್ದನ್ನು ಟೆಕ್ನಿಷಿಯನ್ ಒಳಗೆ ಬಂದು ಹೇಳಿದಳು. ನಂಬಿದರೋ ಬಿಟ್ಟರೋ, ಬರೆದುಕೊಂಡರು.

ತೀರ್ಪು ಬಂದಿದೆ. ಒಂದು ವರ್ಷ ನನ್ನ ಸಹಿಗೆ ಬೆಲೆಯಿಲ್ಲ, ಬೇರೆಯವರ ಕೈಕೆಳಗೆ ಕೆಲಸ. ಮುಖ್ಯಸ್ಥರನ್ನು ಆ ಹುದ್ದೆಯಿಂದ ಇಳಿಸಿದ್ದಾರೆ. ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತು ‘ಒಂದು ವಾರ ಕೇಳಬಾರ್ದಿತ್ತು’ ಎಂದರು. ಇನ್ನು ಮೇಲೆ ಲೆಕ್ಕ ಒಂದು ಯಂತ್ರದಲ್ಲಿ, ತಾಳೆ ಇನ್ನೊಂದರಲ್ಲಿ. ತನ್ನ ತಪ್ಪು ತಾನೇ ತಿದ್ದಿಕೊಳ್ಳುವ ಕಾರ್ಡುಗಳನ್ನು ಮಾತ್ರ ಇಡಬೇಕೆಂದು ನಿಯಮ ಮಾಡಿದ್ದಾರೆ. ಅವು ಬರುವವರೆಗೆ ಅಜ್ಜನೊಬ್ಬನೇ ದುಡಿಯುತ್ತಿದ್ದಾನೆ. ಕಾಯುವವರ ಸಾಲು ಬಾಗಿಲಾಚೆ ಹೋಗಿದೆ. ಆ ಸಾಲನ್ನು ದಾಟಿಕೊಂಡೇ ದಿನಾ ಒಳಗೆ ಹೋಗುತ್ತೇನೆ. ಯಾರ ಮುಖವನ್ನೂ ನೋಡುವುದಿಲ್ಲ.

ಗಡಿಯಾರದವರಿಗೆ ಹೊಸ ಲೆಕ್ಕ ಮಾಡಿ ಚಿಕಿತ್ಸೆ ಮುಗಿಸಿದ್ದಾರೆ. ಗಡ್ಡೆ ಕುಗ್ಗಿದೆ. ಬೆನ್ನುಹುರಿಯ ವಿಷಯ ಈಗಲೇ ಹೇಳಲಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಪರೀಕ್ಷೆ, ಎರಡು ವರ್ಷ.

ಮಂಡಿನೋವು ಹಾಗೇ ಇದೆ.

ನಿನ್ನ ಅಕ್ಕ


ಜುಲೈ ೧೪, ಮಂಗಳವಾರ

ತಮ್ಮಾ,

ಇವತ್ತು ಗಡಿಯಾರದವರ ಮೊದಲ ಪರೀಕ್ಷೆ ಇತ್ತು. ಅಲ್ಲಿಗೆ ಹೋಗುವುದು ನನ್ನ ಕೆಲಸವಲ್ಲ. ಆದರೂ ಹತ್ತು ಗಂಟೆಗೆ ಡಾಕ್ಟರ ಕೋಣೆಯ ಹೊರಗೆ ನಿಂತಿದ್ದೆ. ಅವರು ಬಂದಾಗ ಕಾರಿಡಾರಿನ ಆ ತುದಿಯಿಂದ ಅವರ ಕಾಲುಗಳನ್ನೇ ನೋಡಿದೆ. ಎಡಗಾಲು ಸ್ವಲ್ಪ ಎಳೆದ ಹಾಗೆ ಕಂಡಿತು. ಹತ್ತಿರ ಬಂದು ‘ಹೊಸ ಚಪ್ಪಲಿ ಮೇಡಂ, ಕಚ್ತಾ ಇದೆ’ ಎಂದರು. ನಾನು ಕಾಲು ನೋಡುತ್ತಿದ್ದದ್ದು ಅವರಿಗೆ ಗೊತ್ತಾಗಿತ್ತು.

‘ಒಳಗೆ ಬನ್ನಿ, ಹೊರಗೆ ನಿಂತು ಹೆದರೋದಕ್ಕಿಂತ’ ಎಂದು ಅವರೇ ಕರೆದರು. ಡಾಕ್ಟರು ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಬಲಗಾಲು ಒದೆಯಿತು. ಎಡಗಡೆಗೆ ತಟ್ಟಿದರು. ಏನೂ ಆಗಲಿಲ್ಲ. ಡಾಕ್ಟರು ‘ಸಡಿಲ ಬಿಡಿ, ಬಿಗಿ ಮಾಡ್ಕೊಂಡಿದೀರಿ’ ಎಂದರು. ಗಡಿಯಾರದವರು ಕಣ್ಣು ಮುಚ್ಚಿದರು. ಹೊಟ್ಟೆಪಾಡಿಗೆ ಮುಳ್ಳಿನಷ್ಟು ಸಣ್ಣ ತಿರುಪು ಹಿಡಿಯುವ ಕೈಗಳು, ಕುರ್ಚಿಯ ಅಂಚನ್ನು ಬೆರಳು ಬೆಳ್ಳಗಾಗುವಷ್ಟು ಹಿಡಿದಿದ್ದವು. ಅವರಿಗೂ ಭಯ ಇದೆ ಎಂದು ನನಗೆ ಇವತ್ತಿನವರೆಗೆ ತೋರಿಸಿರಲಿಲ್ಲ. ಮತ್ತೆ ತಟ್ಟಿದರು. ಎಡಗಾಲೂ ಒದೆಯಿತು.

ಸದ್ಯಕ್ಕೆ ಸರಿಯಿದೆ. ಸದ್ಯಕ್ಕೆ ಎಂಬ ಮಾತನ್ನು ಡಾಕ್ಟರು ಒತ್ತಿ ಹೇಳಿದರು.

ಮನೆಗೆ ಬಂದು ಈ ಕಾಗದ ಬರೆಯುತ್ತಿದ್ದೇನೆ. ಅಪ್ಪನ ವಿಷಯ ಬರೆದಿದ್ದೆಯಲ್ಲ, ಅದಕ್ಕೆ ನಾನು ಈವರೆಗೆ ಉತ್ತರ ಕೊಟ್ಟಿಲ್ಲ. ಕೊಡುತ್ತೇನೆ.

ಅಪ್ಪ ಹೋಗುವುದಕ್ಕೆ ವರ್ಷದ ಮುಂಚೆ ಒಂದು ಮಧ್ಯಾಹ್ನ ನನ್ನ ಕಚೇರಿಗೆ ಫೋನ್ ಮಾಡಿದ್ದರು. ಅವರು ಕಚೇರಿಗೆ ಯಾವತ್ತೂ ಮಾಡಿದವರಲ್ಲ. ‘ನುಂಗೋಕೆ ಕಷ್ಟ ಆಗ್ತಿದೆ ಅಂದ್ರೆ ಏನಮ್ಮ ಅದು?’ ಎಂದು ಕೇಳಿದರು. ಯಾರಿಗೆ ಎಂದೆ. ‘ಇಲ್ಲೇ, ಪಕ್ಕದ ಮನೆಯವರಿಗೆ’ ಎಂದರು. ಪಕ್ಕದ ಮನೆ ಆಗ ಖಾಲಿ ಇತ್ತು. ಅದು ನನಗೆ ಗೊತ್ತಿತ್ತು. ಹೊರಗೆ ನಾಲ್ಕು ಜನ ಕಾಯುತ್ತಿದ್ದರು. ‘ಡಾಕ್ಟರಿಗೆ ತೋರಿಸೋಕೆ ಹೇಳಪ್ಪ’ ಎಂದು ಇಟ್ಟುಬಿಟ್ಟೆ. ಸಂಜೆ ಮತ್ತೆ ಮಾಡಬೇಕು ಎಂದುಕೊಂಡೆ. ಮಾಡಲಿಲ್ಲ. ಮಾಡಿದರೆ ಏನು ಕೇಳಬೇಕಾಗುತ್ತದೋ ಎಂದು ಹೆದರಿದ್ದೆ.

ಅವರು ಮೊದಲು ಕೇಳಿದ್ದು ನನ್ನನ್ನೇ. ನಿನ್ನ ಕೈ ಹಿಡಿದುಕೊಂಡು ಹೇಳಬೇಡ ಎಂದದ್ದು ಅದಾದ ಮೇಲೆ. ನಾಲ್ಕು ವರ್ಷ ಇದನ್ನು ನುಂಗಿಕೊಂಡು ನಿನ್ನನ್ನು ಬೈದೆ. ಎಲ್ಲರ ಮುಂದೆ ಬೈದೆ. ನಿನ್ನನ್ನು ಬೈಯುತ್ತಿರುವಷ್ಟು ಹೊತ್ತು ಆ ಫೋನು ನೆನಪಾಗುತ್ತಿರಲಿಲ್ಲ.

ಇದನ್ನು ಭಾವನಿಗೂ ಹೇಳಿಲ್ಲ. ಮೊದಲು ನಿನಗೆ ಹೇಳುತ್ತಿದ್ದೇನೆ. ಓದಿದ ಮೇಲೆ ನಿನಗೆ ಸಿಟ್ಟು ಬಂದರೆ ಬರಲಿ. ಎಷ್ಟು ತಿಂಗಳು ಬೇಕೋ ತಗೋ.

ಗಡಿಯಾರದವರ ಮುಂದಿನ ಪರೀಕ್ಷೆ ಅಕ್ಟೋಬರಿನ ಎರಡನೆಯ ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ. ಅಲ್ಲಿ ನಿಂತಿರಲು ನನಗೆ ಬಹಳ ಭಯವಾಗುತ್ತದೆ. ಬರಲು ಮನಸ್ಸಾದರೆ ಬಾ. ಕಾರಿಡಾರಿನಲ್ಲಿ ಇಬ್ಬರು ಕೂರುವಷ್ಟು ಒಂದು ಬೆಂಚಿದೆ.

ನಿನ್ನ ಅಕ್ಕ